ಜೋಹಾನ್ಸ್‌ಬರ್ಗ್‌ಗೆ ಬರುತ್ತಿರುವ ನಿಮಗೆ

ಜೋಹಾನ್ಸ್‌ಬರ್ಗ್‌ನ ಶ್ರೀಮಂತ ಭಾಗವಾದ ಸ್ಯಾಂಡ್ಟನ್‌ನಲ್ಲಿ ಕೆಲಸ ಸಿಕ್ಕಿದೆ, ಸಂಸಾರ ಸಮೇತ ಬರುತ್ತಿದ್ದೇವೆ, ಮನೆ ಎಲ್ಲಿ ಮಾಡೋಣ, ವರ್ಣಭೇದ ಈಗಲೂ ಇದೆಯಾ ಅಂತ ಕೇಳಿದ್ದೀರಿ. ಮನೆ ವಿಷಯ ಸುಲಭ. ಆಫೀಸಿಗೆ ಹತ್ತಿರ, ಗೇಟು ಕಾವಲು ಇರುವ ಕಡೆ ಬಾಡಿಗೆಗೆ ಹಿಡಿಯಿರಿ. ಕತ್ತಲಾದ ಮೇಲೆ ಒಬ್ಬರೇ ನಡೆದು ಹೋಗಬೇಡಿ. ಕಾರಿನ ಸೀಟಿನ ಮೇಲೆ ಬ್ಯಾಗು, ಫೋನು ಬಿಡಬೇಡಿ. ಇಷ್ಟು ಸಾಕು.

ಎರಡನೇ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸ್ಯಾಂಡ್ಟನ್‌ನಿಂದ ಪೂರ್ವಕ್ಕೆ ಹೋದರೆ ಎಂ1 ಹೆದ್ದಾರಿ. ಈಚೆ ಈಜುಕೊಳ ಇರುವ ಮನೆಗಳು. ದಾಟಿದರೆ ಅಲೆಕ್ಸಾಂಡ್ರಾ, ಒಂದಕ್ಕೊಂದು ಅಂಟಿಕೊಂಡ ತಗಡಿನ ಮನೆಗಳು. ಮಂಡೇಲಾ ಯುವಕರಾಗಿ ಈ ಊರಿಗೆ ಬಂದಾಗ ಬಾಡಿಗೆಗಿದ್ದದ್ದು ಅಲ್ಲೇ. ಇದು ತಾನಾಗಿ ಆದದ್ದಲ್ಲ. 1950ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಯ್ದೆ ಪ್ರತಿಯೊಬ್ಬರ ಜನಾಂಗವನ್ನು ದಾಖಲೆಯಲ್ಲಿ ಬರೆಯಿತು. ಅದೇ ವರ್ಷದ ಗ್ರೂಪ್ ಏರಿಯಾಸ್ ಕಾಯ್ದೆ ಯಾರು ಎಲ್ಲಿ ಇರಬೇಕು ಅಂತ ಗೆರೆ ಎಳೆಯಿತು. 1955ರಲ್ಲಿ ಕರಿಯರೇ ಹೆಚ್ಚಾಗಿದ್ದ ಸೋಫಿಯಾಟೌನ್ ಬಡಾವಣೆಗೆ ಪೊಲೀಸರು ಬಂದು, ಜನರನ್ನು ಸಾಮಾನಿನ ಸಮೇತ ಲಾರಿಗೆ ಹತ್ತಿಸಿ ಊರ ಹೊರಗಿನ ಸೊವೆಟೊ ಕಡೆಗೆ ಸಾಗಿಸಿದರು. ಆ ಜಾಗದಲ್ಲಿ ಬಿಳಿಯರಿಗೆ ಬಡಾವಣೆ ಕಟ್ಟಿ, ಗೆಲುವು ಅನ್ನುವ ಅರ್ಥದ ಹೆಸರಿಟ್ಟರು. ಪೇಜ್‌ವ್ಯೂ ಬಡಾವಣೆಯಲ್ಲಿ ಅಂಗಡಿ ಇಟ್ಟಿದ್ದ ಭಾರತೀಯರನ್ನೂ ಬಿಡಲಿಲ್ಲ, ದೂರದ ಲೆನೇಸಿಯಾಗೆ ಕಳಿಸಿದರು.

ಆ ಕಾಯ್ದೆ 1991ರಲ್ಲಿ ರದ್ದಾಯಿತು, 1994ರಲ್ಲಿ ಎಲ್ಲರಿಗೂ ಓಟು ಬಂತು. ಅದು ಸಣ್ಣ ಸಂಗತಿ ಅಲ್ಲ. ಈಗ ನಿಮ್ಮನ್ನು ಯಾವ ಬೆಂಚಿನಿಂದಲೂ ಎಬ್ಬಿಸುವವರಿಲ್ಲ, ನಿಮ್ಮ ಮ್ಯಾನೇಜರ್ ಕರಿಯರೇ ಆಗಿರಬಹುದು. ಆದರೆ ಆಸ್ತಿ, ಒಳ್ಳೆಯ ಶಾಲೆ ಎಲ್ಲ ಮೊದಲೇ ಒಂದು ಕಡೆ ಸೇರಿಬಿಟ್ಟಿದ್ದವು. ಅಂದು ಕಾಯ್ದೆ ಮಾಡುತ್ತಿದ್ದ ಕೆಲಸವನ್ನು ಈಗ ಮನೆ ಬೆಲೆ ಮಾಡುತ್ತಿದೆ. ವಿಶ್ವಬ್ಯಾಂಕಿನ 2014ರ ಲೆಕ್ಕದಲ್ಲಿ ಜಗತ್ತಿನ ಅತಿ ಅಸಮಾನ ದೇಶ ಇದು, ಗಿನಿ ಸೂಚ್ಯಂಕ (ಅಸಮಾನತೆಯ ಅಳತೆ, 0 ಅಂದರೆ ಎಲ್ಲರೂ ಸಮ, 1 ಅಂದರೆ ಎಲ್ಲವೂ ಒಬ್ಬರದ್ದೇ) ಸುಮಾರು 0.63.

ನಮ್ಮ ಮನೆಕೆಲಸಕ್ಕೆ ಬರುವ ಅಕ್ಕ ಇರುವುದು ಊರ ದಕ್ಷಿಣಕ್ಕೆ, ಆರೆಂಜ್ ಫಾರ್ಮ್‌ನಲ್ಲಿ. ಬೆಳಕು ಹರಿಯುವ ಮುಂಚೆ ಹೊರಟು ಎರಡು ಟ್ಯಾಕ್ಸಿ ಬದಲಿಸುತ್ತಾರೆ. ಟ್ಯಾಕ್ಸಿ ಅಂದರೆ ಇಲ್ಲಿ ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನು. ತೋರುಬೆರಳು ಮೇಲೆತ್ತಿದರೆ ಪೇಟೆ ಕಡೆಗೆ ಅಂತ. ಹಿಂದಿನವರು ಕೊಟ್ಟ ದುಡ್ಡು ಕೈಯಿಂದ ಕೈಗೆ ಮುಂದೆ ಹೋಗುತ್ತದೆ, ಡ್ರೈವರ್ ಪಕ್ಕ ಕೂತವರು ಎಣಿಸಿ ಚಿಲ್ಲರೆ ವಾಪಸ್ ಕಳಿಸುತ್ತಾರೆ. ಒಂದು ಸಲ ಅವರ ಜೊತೆ ಹೋಗಿ ನೋಡಿದೆ. ದುಡಿದದ್ದರಲ್ಲಿ ಎಷ್ಟು ದಾರಿಗೇ ಹೋಗುತ್ತದೆ ಅಂತ ಆಗಲೇ ತಿಳಿದದ್ದು. ಬಿಳಿಯರ ಊರಿನಿಂದ ಕರಿಯರನ್ನು ದೂರ ಇಟ್ಟವರು ಆ ದೂರದ ಖರ್ಚನ್ನೂ ಅವರ ತಲೆಗೇ ಕಟ್ಟಿದರು, ಅದು ಇನ್ನೂ ಇಳಿದಿಲ್ಲ.

ಭಾರತೀಯರನ್ನು ಆಗ ಮಧ್ಯದಲ್ಲಿ ಇಟ್ಟಿದ್ದರು. 1984ರಲ್ಲಿ ನಮ್ಮವರಿಗೂ ಮಿಶ್ರ ಜನಾಂಗದವರಿಗೂ ಪಾರ್ಲಿಮೆಂಟಿನಲ್ಲಿ ಬೇರೆ ಬೇರೆ ಸದನ ಕೊಟ್ಟರು, ಕರಿಯರಿಗೆ ಅದೂ ಇಲ್ಲ. ಆ ಸದನ ಬೇಡ ಅಂತ ಭಾರತೀಯರಲ್ಲಿ ಬಹಳ ಜನ ಓಟೇ ಹಾಕಲಿಲ್ಲ. ಅವರ ಮೇಲೆ ನನಗೆ ತುಂಬಾ ಗೌರವ. ನಾವು ವೀಸಾ ಹಿಡಿದು ಬಂದವರು ನೇರ ಗೋಡೆಯ ಒಳಗಡೆಗೇ ಇಳಿಯುತ್ತೇವೆ. ಊಟಕ್ಕೆ ಸೇರಿದಾಗ ಕರಿಯರ ಬಗ್ಗೆ, "ಇವರು ಕೆಲಸ ಮಾಡಲ್ಲ ಕಣ್ರೀ, ನಂಬೋಕಾಗಲ್ಲ" ಅನ್ನುವ ಮಾತು ಬರುತ್ತದೆ. ಊರ ಹೊರಗಿನ ಕೇರಿಯವರ ಬಗ್ಗೆ ಇದೇ ಮಾತು ನಾವು ಅಲ್ಲೂ ಕೇಳಿಕೊಂಡೇ ಬೆಳೆದವರು, ಅಲ್ವಾ? ದಯವಿಟ್ಟು ಅದಕ್ಕೆ ತಲೆ ಆಡಿಸಬೇಡಿ. ಮಗುವಿನ ಮುಂದಂತೂ ಬೇಡವೇ ಬೇಡ.

ಮಗುವನ್ನು ವರ್ಣಭೇದದ ಚರಿತ್ರೆ ಹೇಳುವ ಅಪಾರ್ಥೈಡ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ನಿಮ್ಮ ಬಣ್ಣ ನೋಡದೆ, ಟಿಕೆಟ್ಟಿನಲ್ಲೇ ಬಿಳಿಯರು, ಬಿಳಿಯರಲ್ಲದವರು ಅಂತ ಬೇರೆ ಮಾಡಿ ಬೇರೆ ಬೇರೆ ಬಾಗಿಲಿಂದ ಒಳಗೆ ಬಿಡುತ್ತಾರೆ. ನಿಮ್ಮ ಮನೆಯವರೇ ಎರಡು ಪಾಲಾಗಬಹುದು.

ಇನ್ನು, ಮನೆಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಅಕ್ಕಪಕ್ಕದವರು ಎಷ್ಟು ಕೊಡುತ್ತಾರೆ ಅಂತ ಕೇಳಬೇಡಿ. ದೇಶದ ಕನಿಷ್ಠ ವೇತನ 2022ರಿಂದ ಅವರಿಗೂ ಪೂರ್ತಿ ಅನ್ವಯಿಸುತ್ತದೆ, ಅದಕ್ಕಿಂತ ಮೇಲೆ ಕೊಡಿ. ನಿರುದ್ಯೋಗ ವಿಮೆಗೆ ಅವರ ಹೆಸರು ನೋಂದಾಯಿಸಿ. ಟ್ಯಾಕ್ಸಿ ದುಡ್ಡು ಬೇರೆ ಕೊಡಿ, ಸಂಬಳದಲ್ಲಿ ಸೇರಿಸಬೇಡಿ.