ಅಜ್ಜನ ಏಪ್ರನ್ ಮತ್ತು ಕೈಮಡ

ನಮಸ್ಕಾರ. ಅಜ್ಜನ ಪೆಟ್ಟಿಗೆಯಲ್ಲಿ ಮೇಸನ್‌ಗಳ (ಫ್ರೀಮೇಸನ್ರಿ ಎಂಬ ಸೋದರಸಂಘದವರ) ಬಿಳಿ ಚರ್ಮದ ಏಪ್ರನ್, ಜೊತೆಗೊಂದು ಎಲೆಕೊಂಬೆಯ ಚಿತ್ರ ಸಿಕ್ಕಿದೆ ಅಂದಿರಿ. ಅವರು ಸಾಯದೆ ಇರುವ ವಿದ್ಯೆ ನಂಬಿದ್ದರಾ, ಅಂಥವರಿಗೆ ಕೈಮಡದಲ್ಲಿ, ಅಂದರೆ ನಮ್ಮ ಕೊಡವ ಮನೆತನದ ಹಿರಿಯರ ಗುಡಿಯಲ್ಲಿ, ಕಾರೋಣರ (ಗತಿಸಿದ ಹಿರಿಯರ) ಜೊತೆ ಎಡೆ ಇಡಬಹುದಾ ಎಂದು ಕೇಳಿದಿರಿ.

ಧಾರಾಳವಾಗಿ ಇಡಿ. ದೇಹ ಸಾಯದ ವಿದ್ಯೆ ಫ್ರೀಮೇಸನ್ರಿಯಲ್ಲಿ ಇಲ್ಲ. ಸುಮ್ನೆ ಹಬ್ಬಿದ ಮಾತು ಅದು. ಅವರು ಹೇಳುವುದು ಆತ್ಮದ ಬಗ್ಗೆ.

ಮೂರನೇ ದೀಕ್ಷೆಯಲ್ಲಿ ಹೈರಮ್ ಅಬಿಫ್ ಎಂಬವನ ಕಥೆ ಇದೆ. ಸೊಲೊಮನ್ ರಾಜನ ದೇವಾಲಯ ಕಟ್ಟಿಸುತ್ತಿದ್ದ ಮುಖ್ಯ ಶಿಲ್ಪಿ. ಗುಟ್ಟು ಬಿಟ್ಟುಕೊಡದೆ ಕೊಲೆಯಾದ. ಅವನನ್ನು ಹೂತ ಜಾಗ ಗೊತ್ತಾಗಿದ್ದು ಅಲ್ಲಿದ್ದ ಅಕೇಶಿಯಾ ಕೊಂಬೆಯಿಂದ. ಹಾಗಾಗಿ ಅದು ಆತ್ಮಕ್ಕೆ ಸಾವಿಲ್ಲ ಎಂಬುದರ ಗುರುತು. ನಿಮ್ಮ ಚಿತ್ರದ್ದೂ ಅದೇ ಕೊಂಬೆ ಇರಬೇಕು. ಕಥೆ ನಡೆದದ್ದಲ್ಲ, ಆದರೆ ಸಾವನ್ನು ಎದುರಿಸುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಆಚರಣೆ ಕಡಿಮೆ ಅಂತ ನನಗನಿಸುತ್ತದೆ.

ಸತ್ತ ಮೇಲೆ ಏನು ಅನ್ನುವುದನ್ನು ಅವರವರ ಧರ್ಮಕ್ಕೆ ಬಿಟ್ಟಿದ್ದಾರೆ. ಪ್ರಮಾಣವೂ ಅವರವರ ಗ್ರಂಥದ ಮೇಲೆ. 1961ರಲ್ಲಿ ಶುರುವಾದ ಭಾರತದ ಗ್ರ್ಯಾಂಡ್ ಲಾಡ್ಜ್ (ಇಲ್ಲಿನ ಮೇಸನ್‌ಗಳ ಮೇಲಿನ ಸಂಸ್ಥೆ) ಕೂಡ ದೇವರಲ್ಲಿ ನಂಬಿಕೆ ಇರಲೇಬೇಕು ಅನ್ನುತ್ತದೆ. ಆದರೆ ಫ್ರಾನ್ಸಿನ ಅಂಥದ್ದೇ ಸಂಸ್ಥೆ ಗ್ರ್ಯಾಂಡ್ ಓರಿಯಂಟ್ 1877ರಲ್ಲಿ ದೇವರು, ಆತ್ಮದ ಅಮರತ್ವ ಎರಡನ್ನೂ ನಿಯಮದಿಂದ ತೆಗೆಯಿತು. ಅದಕ್ಕೇ ಇಂಗ್ಲೆಂಡಿನವರು ಅವರಿಂದ ದೂರವಾದರು.

ಹಾಗಾಗಿ ಲಾಡ್ಜಿಗೆ (ಮೇಸನ್‌ಗಳ ಸಭೆಗೆ) ಹೋಗುತ್ತಿದ್ದವರು ಮನೆತನದ ಮೂಲಪುರುಷನಾದ ಗುರುಕಾರೋಣನಿಗೆ ಕೈಮುಗಿಯುವುದರಲ್ಲಿ ತಪ್ಪೇನೂ ಇಲ್ಲ, ಅಲ್ವಾ? ಮನೆಯ ಹಿರಿಯರಿಗೂ ಇದನ್ನೇ ಹೇಳಿ. ಏಪ್ರನ್ ಅನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಿ. ನಮ್ಮ ಮಳೆಗಾಲಕ್ಕೆ ಚರ್ಮ ಬೇಗ ಬೂಷ್ಟು ಹಿಡಿಯುತ್ತದೆ.