ಹಳೆಯ ಪಿಕಪ್, ಮನೆಯಂಗಳದ ರಿಪೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಹಳೆಯ ಡೀಸೆಲ್ ಪಿಕಪ್‌ಗಳ ಬಗ್ಗೆ ಕೇಳಿರುವ ಐದು ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಉತ್ತರಗಳು ಹೆಚ್ಚಾಗಿ ಯಾಂತ್ರಿಕ ಡೀಸೆಲ್ ಪಂಪ್ ಇರುವ ಮಾದರಿಗಳಿಗೆ ಸಂಬಂಧಿಸಿದವು. ಹೊಸ ಮಾದರಿಗಳಿಗೆ ಯಾವುದು ಅನ್ವಯಿಸುವುದಿಲ್ಲ ಎಂಬುದನ್ನು ಆಯಾ ಸ್ಥಳದಲ್ಲಿ ಹೇಳಲಾಗಿದೆ.

ಪ್ರಶ್ನೆ: ನಮ್ಮದು 2007ರ ಪಿಕಪ್. ಮೆಕ್ಕೆಜೋಳದ ಚೀಲ ಹೇರಿಕೊಂಡು ದಾವಣಗೆರೆ ಎಪಿಎಂಸಿಗೆ ಬರುವಾಗ ಎಂಜಿನ್ ಕಾದು ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ, ಖಾಲಿ ಮರಳುವಾಗ ಏನೂ ಆಗುವುದಿಲ್ಲ. ವಾಟರ್ ಪಂಪ್ ಬದಲಿಸಿದ್ದಾಯಿತು, ಗ್ಯಾರೇಜಿನವರು ಥರ್ಮೋಸ್ಟಾಟನ್ನೂ ತೆಗೆದುಹಾಕಿದರು. ರೇಡಿಯೇಟರ್‌ಗೆ ಮೊದಲಿನಿಂದಲೂ ಹೊಲದ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದೇವೆ. ಇನ್ನು ಏನನ್ನು ಬದಲಿಸಬೇಕು?
— ಓದುಗರು, ಜಗಳೂರು ತಾಲ್ಲೂಕು

ಉತ್ತರ: ಏನನ್ನೂ ಬದಲಿಸುವ ಮೊದಲು ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ, ಗಾಡಿ ಯಾವಾಗ ಕಾಯುತ್ತದೆ, ಅದಕ್ಕೆ ಯಾವ ನೀರು ಬೀಳುತ್ತಿದೆ ಎಂಬ ಎರಡು ವಾಕ್ಯಗಳಲ್ಲಿ ಉತ್ತರದ ಬಹುಭಾಗ ಇದೆ. ನಿಂತಲ್ಲಿಯೇ ಅಥವಾ ಪೇಟೆಯ ದಟ್ಟಣೆಯಲ್ಲಿ ಕಾಯುವ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಫ್ಯಾನಿನ ಅಥವಾ ಬೆಲ್ಟಿನ ದೋಷವಿರುತ್ತದೆ, ಏಕೆಂದರೆ ಆಗ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಕೆಲಸವೆಲ್ಲ ಫ್ಯಾನಿನದೇ ಆಗಿರುತ್ತದೆ. ಭಾರ ಹೊತ್ತು ಓಡುವಾಗ ಮಾತ್ರ ಕಾಯುವುದಾದರೆ, ಎಂಜಿನ್ ಹುಟ್ಟಿಸುವ ಹೆಚ್ಚಿನ ಶಾಖವನ್ನು ರೇಡಿಯೇಟರ್ ಹೊರಹಾಕಲಾರದೆ ಹೋಗಿದೆ ಎಂದೇ ಮೊದಲು ಅನುಮಾನಿಸಬೇಕು. ಆದರೂ ಬೆಲ್ಟನ್ನು ಪರೀಕ್ಷಿಸಲು ಖರ್ಚೇನೂ ಇಲ್ಲ. ಎಂಜಿನ್ ಬಂದ್ ಮಾಡಿ ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು; ಅದಕ್ಕಿಂತ ತೀರಾ ಹೆಚ್ಚು ತಗ್ಗಿದರೆ ಅದು ಜಾರುತ್ತಿದೆ.

ನಮ್ಮ ಭಾಗದ ಬೋರ್‌ವೆಲ್ ನೀರು ಬಹುತೇಕ ಗಡುಸು. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿಯ ಹಕ್ಕಳೆಯೇ ರೇಡಿಯೇಟರ್‌ನ ತೆಳು ಕೊಳವೆಗಳಲ್ಲಿಯೂ, ಎಂಜಿನ್ ಬ್ಲಾಕಿನ ನೀರಿನ ದಾರಿಗಳಲ್ಲಿಯೂ ಕಟ್ಟುತ್ತದೆ. ಅದು ದಾರಿಯನ್ನು ಕಿರಿದಾಗಿಸುವುದಲ್ಲದೆ ಶಾಖ ಲೋಹಕ್ಕೆ ದಾಟದಂತೆಯೂ ತಡೆಯುತ್ತದೆ. ಹೀಗೆ ಕಟ್ಟಿಕೊಂಡ ರೇಡಿಯೇಟರ್ ಖಾಲಿ ಗಾಡಿಗೆ ಸಾಕಾಗುತ್ತದೆ, ಹೇರಿದ ಗಾಡಿಗೆ ಸಾಲುವುದಿಲ್ಲ. ಇದರ ಜೊತೆಗೆ ಸುಗ್ಗಿಯ ಕಾಲದಲ್ಲಿ ಮೆಕ್ಕೆಜೋಳದ ಸಿಪ್ಪೆ, ರವುದಿ, ದೂಳು ರೇಡಿಯೇಟರ್‌ನ ಹೊರಮೈಗೆ ಮೆತ್ತಿಕೊಂಡು ಗಾಳಿಯ ದಾರಿಯನ್ನೂ ಮುಚ್ಚುತ್ತವೆ. ಅದನ್ನು ತೊಳೆಯುವಾಗ ಎಂಜಿನ್ ಕಡೆಯಿಂದ ಮುಂಭಾಗದ ಕಡೆಗೆ, ಹೆಚ್ಚು ಒತ್ತಡವಿಲ್ಲದ ನೀರನ್ನು ಬಿಡಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಕಸ ಇನ್ನಷ್ಟು ಒಳಗೆ ಸೇರುತ್ತದೆ, ತೆಳುವಾದ ಫಿನ್‌ಗಳೂ ಮಡಚಿಕೊಳ್ಳುತ್ತವೆ.

ಒಳಗಿನ ಶುದ್ಧಿಗೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್‌ನ ಕೆಳಗಿನ ನಲ್ಲಿಯನ್ನೂ ಬ್ಲಾಕಿನ ಡ್ರೇನ್ ಪ್ಲಗ್ಗನ್ನೂ ತೆರೆದು ಹಳೆಯ ನೀರನ್ನು ಇಳಿಸಿ, ಆಮೇಲೆ ಕೆಳಗಿನ ಹೋಸ್ ಪೈಪಿನ ಬಾಯಿಯಿಂದ ಹಿಮ್ಮುಖವಾಗಿ ನೀರು ಹಾಯಿಸಿ. ಬರುವ ನೀರು ತಿಳಿಯಾದ ಮೇಲೂ ಗಾಡಿ ಕಾಯುವುದು ನಿಲ್ಲದಿದ್ದರೆ ರೇಡಿಯೇಟರನ್ನು ಬಿಚ್ಚಿ ಅದರ ಕೆಲಸವನ್ನೇ ಮಾಡುವವರ ಬಳಿ ಒಯ್ಯಿರಿ. ಹಿತ್ತಾಳೆ ಮತ್ತು ತಾಮ್ರದ ಹಳೆಯ ರೇಡಿಯೇಟರ್ ಆದರೆ ಬೆಸುಗೆ ಬಿಡಿಸಿ, ಕೊಳವೆಗಳಲ್ಲಿ ಕಡ್ಡಿ ಹಾಯಿಸಿ ತೆರವುಗೊಳಿಸಬಹುದು. ಪ್ಲಾಸ್ಟಿಕ್ ಟ್ಯಾಂಕ್ ಇರುವ ಅಲ್ಯೂಮಿನಿಯಂ ರೇಡಿಯೇಟರ್‌ಗೆ ಈ ಉಪಾಯ ನಡೆಯುವುದಿಲ್ಲ, ಅದನ್ನು ಬದಲಿಸುವುದೇ ಸರಿ. ತುಂಬುವಾಗ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಪ್ರಮಾಣದಲ್ಲಿ ಬೆರೆಸಿ. ಡಿಸ್ಟಿಲ್ಡ್ ವಾಟರ್ ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷಕಾರಿ. ಇಳಿಸಿದ ದ್ರವವನ್ನು ನಾಯಿ, ಕರು, ಮಕ್ಕಳ ಕೈಬಾಯಿಗೆ ಸಿಗುವಂತೆ ಅಂಗಳದಲ್ಲಿ ಬಿಡಬೇಡಿ.

ಇನ್ನು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ. ಗಾಡಿ ಕಾದರೆ ಅದನ್ನು ಕಿತ್ತೆಸೆಯುವುದು ನಮ್ಮಲ್ಲಿ ಬೇರೂರಿರುವ ರೂಢಿ, ಮತ್ತು ಬಹುಮಟ್ಟಿಗೆ ತಪ್ಪು ರೂಢಿ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದುಕೊಂಡಾಗ, ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ಗೇ ಮರಳುವ ಬೈಪಾಸ್ ದಾರಿಯನ್ನು ಅದು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ತಣ್ಣಗಾಗದೆಯೇ ಹಿಂದಿರುಗುತ್ತದೆ. ಹೇರಿದ ಗಾಡಿಗೆ ಇದು ಹೆಚ್ಚಿನ ಕೇಡು. ಬೆಳಗಿನ ಹೊತ್ತಿನಲ್ಲಿ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುವುದರಿಂದ ಡೀಸೆಲ್ ಖರ್ಚೂ ಸವಕಳಿಯೂ ಹೆಚ್ಚುತ್ತವೆ. ಹೊಸದನ್ನು ತಂದು, ಕೂರಿಸುವ ಮೊದಲು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು ನೋಡಿ. ಅದರ ಮೇಲೆ ಅಚ್ಚಾಗಿರುವ, ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿನ ಉಷ್ಣಾಂಶದಲ್ಲಿ ಅದು ಬಾಯಿ ತೆರೆಯತೊಡಗಬೇಕು.

ರೇಡಿಯೇಟರ್ ಮುಚ್ಚಳವನ್ನೂ ಕಡೆಗಣಿಸಬೇಡಿ. ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಬಿಂದುವನ್ನು 100 ಡಿಗ್ರಿಗಿಂತ ಸಾಕಷ್ಟು ಮೇಲಕ್ಕೆ ಒಯ್ಯುವುದು ಅದರ ಕೆಲಸ. ರಬ್ಬರ್ ಒಣಗಿದ ಮುಚ್ಚಳ ಅದನ್ನು ಮಾಡಲಾರದು. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತಿರುಗಿಸಬಾರದು. ಇಷ್ಟೆಲ್ಲ ಮಾಡಿದ ಮೇಲೂ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ಡಿನ ನಡುವೆ ಕೂರುವ ಹಾಳೆ) ಹೋಗಿರುವ ಸಾಧ್ಯತೆ ಹೆಚ್ಚು. ಅದು ಮನೆಯಂಗಳದ ಕೆಲಸವಲ್ಲ.

ಪ್ರಶ್ನೆ: ಗಾಡಿ ಎರಡು ದಿನ ನಿಂತರೆ ಮೂರನೆಯ ದಿನ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಒಮ್ಮೆ ಚಾಲೂ ಆದರೆ ದಿನವಿಡೀ ತೊಂದರೆಯಿಲ್ಲ. ಬ್ಯಾಟರಿ ಹೊಸದು. ಡೀಸೆಲ್ ಎಲ್ಲಿಯೂ ಸೋರುತ್ತಿಲ್ಲ.
— ಓದುಗರು, ಹರಿಹರ

ಉತ್ತರ: ಡೀಸೆಲ್ ಹೊರಗೆ ಸೋರುತ್ತಿಲ್ಲ ಎಂಬುದರಿಂದ ಪೈಪಿನ ಜೋಡಣೆಗಳೆಲ್ಲ ಸರಿಯಾಗಿವೆ ಎಂದು ತೀರ್ಮಾನಿಸುವಂತಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ತಳ್ಳುವುದಿಲ್ಲ, ಎಳೆಯಲಾಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ, ಮತ್ತು ಗಾಡಿ ನಿಂತಾಗ ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಗಟ್ಟಿಯಾದ ರಬ್ಬರ್ ಪೈಪುಗಳು, ಸಡಿಲವಾದ ಕ್ಲಿಪ್‌ಗಳು, ಮರುಬಳಕೆ ಮಾಡಿದ ತಾಮ್ರದ ವಾಷರ್‌ಗಳು, ಹ್ಯಾಂಡ್ ಪಂಪಿನ ಸವೆದ ವಾಲ್ವ್ ಇವುಗಳನ್ನು ಈ ಕ್ರಮದಲ್ಲಿಯೇ ನೋಡಿ. ಫೀಡ್ ಪಂಪಿನ ಮೊದಲು ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ದೋಷ ಸರಿಪಡಿಸಿದ ಮೇಲೆ ಏರ್ ತೆಗೆಯಬೇಕು. ಫಿಲ್ಟರ್ ತಳದ ನೀರನ್ನು ಇಳಿಸಿ, ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಡೀಸೆಲ್ ಪಂಪಿನ ಮೇಲಿನ ಸ್ಕ್ರೂವಿಗೂ ಹೀಗೆಯೇ ಮಾಡಿ. ಬಹುತೇಕ ಇಷ್ಟೇ ಸಾಕಾಗುತ್ತದೆ. ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಝಲ್‌ನ ತುದಿಯ ನಟ್ ಸಡಿಲಿಸಿ ಏರ್ ತೆಗೆಯುವ ಪದ್ಧತಿ ಹಳೆಯ ಪಂಪಿಗೆ ಸಲ್ಲುತ್ತದೆ, ಆದರೂ ಕೈಯನ್ನು ದೂರವಿಟ್ಟುಕೊಳ್ಳಿ, ಏಕೆಂದರೆ ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮದೊಳಗೆ ಹೊಕ್ಕಬಲ್ಲದು. ಪಂಪಿನಿಂದ ಪ್ರತಿ ನಾಝಲ್‌ಗೂ ಬೇರೆಬೇರೆ ಪೈಪು ಹೋಗಿದ್ದರೆ ಅದು ಹಳೆಯ ಮಾದರಿ. ಎಲ್ಲ ಪೈಪುಗಳೂ ಒಂದೇ ದಪ್ಪ ಕೊಳವೆಯಿಂದ ಕವಲೊಡೆದಿದ್ದರೆ ಅದು ಕಾಮನ್ ರೈಲ್. ಕಾಮನ್ ರೈಲ್‌ನ ಒತ್ತಡ ಸಾವಿರ ಬಾರ್‌ಗೂ ಮೀರುವುದರಿಂದ ಅದರ ಪೈಪುಗಳಿಗೆ ಪಾನಾ ಮುಟ್ಟಿಸಲೇಬಾರದು.

ಸೆಲ್ಫನ್ನು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಪೆಟ್ರೋಲ್ ಅದ್ದಿದ ಬಟ್ಟೆಯನ್ನು ಗಾಳಿಯ ಬಾಯಿಗೆ ಹಿಡಿದು ಚಾಲೂ ಮಾಡುವವರನ್ನು ನೀವೂ ನೋಡಿರಬಹುದು. ಹೀಟರ್ ಪ್ಲಗ್ (ಚಾಲೂ ಮಾಡುವ ಮೊದಲು ಒಳಗೆ ಕಾಯುವ ಪ್ಲಗ್) ಇರುವ ಎಂಜಿನ್‌ನಲ್ಲಿ ಅದು ಬೆಂಕಿಗೆ ಆಹ್ವಾನ.

ಪ್ರಶ್ನೆ: ಮಂಡಕ್ಕಿ ಮೂಟೆ ಸಾಗಿಸುವ ನಮ್ಮ ಗಾಡಿ ಹೊಟ್ಟು ಉರಿಸುವ ಭಟ್ಟಿಯ ಪಕ್ಕದಲ್ಲಿಯೇ ನಿಲ್ಲುತ್ತದೆ. ಈಚೆಗೆ ಕಪ್ಪು ಹೊಗೆ ಹೆಚ್ಚಾಗಿದೆ, ಎಳೆತ ಕಡಿಮೆಯಾಗಿದೆ. ಆಯಿಲ್ ಕೂಡ ಬದಲಿಸಿದ ವಾರದಲ್ಲಿಯೇ ಕಪ್ಪಾಗುತ್ತದೆ. ಎಂಜಿನ್ ಬಿಚ್ಚಿ ಕೆಲಸ ಮಾಡಿಸುವ ಹಂತಕ್ಕೆ ಬಂದಿದೆಯೆ?
— ಓದುಗರು, ದಾವಣಗೆರೆ

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು. ಸುಡಲು ಬೇಕಾದಷ್ಟು ಗಾಳಿ ಇಲ್ಲದೆ ಡೀಸೆಲ್ ಅರ್ಧ ಉರಿದಾಗ ಕಪ್ಪು ಹೊಗೆ ಬರುತ್ತದೆ. ಆಯಿಲ್ ಉರಿಯುತ್ತಿದ್ದರೆ ಹೊಗೆ ನೀಲಿಯಾಗಿರುತ್ತದೆ. ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಬಹಳ ಇರುವುದರಿಂದ ಅದು ಫಿಲ್ಟರನ್ನು ಕಟ್ಟಿಸುವುದಷ್ಟೇ ಅಲ್ಲ, ಒಳಗೆ ನುಸುಳಿದರೆ ಪಿಸ್ಟನ್ ರಿಂಗು ಮತ್ತು ಲೈನರ್‌ಗಳನ್ನು ಉಜ್ಜಿ ಸವೆಸುತ್ತದೆ. ಕಾಗದದ ಫಿಲ್ಟರ್ ಆದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಯಿರಿ, ಆಮೇಲೆ ಒಳಗೆ ಟಾರ್ಚ್ ಹಿಡಿದು ನೋಡಿ. ಎಲ್ಲಿಯಾದರೂ ಚುಕ್ಕೆಯಂತೆ ಬೆಳಕು ತೂರಿಬಂದರೆ ಅದು ತೂತು, ಫಿಲ್ಟರ್ ಬದಲಿಸಿ. ಆಯಿಲ್ ತುಂಬಿದ ಬಟ್ಟಲಿನ ಹಳೆಯ ಮಾದರಿಯಾದರೆ ಬಟ್ಟಲನ್ನು ತೊಳೆದು ಗೆರೆಯವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೆ ಮೇಲಿನ ಶ್ರಮವೆಲ್ಲ ವ್ಯರ್ಥ, ಏಕೆಂದರೆ ದೂಳು ಫಿಲ್ಟರನ್ನು ತಪ್ಪಿಸಿಕೊಂಡೇ ಒಳಹೋಗುತ್ತದೆ. ಫಿಲ್ಟರ್ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ನಾಝಲ್‌ಗಳನ್ನು ಪರೀಕ್ಷೆ ಮಾಡಿಸಬೇಕು.

ಆಯಿಲ್ ಕಪ್ಪಾಗುವುದು ಡೀಸೆಲ್ ಎಂಜಿನ್‌ನಲ್ಲಿ ಸಹಜ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಒಳ್ಳೆಯ ಆಯಿಲ್‌ನ ಗುಣ. ಬಣ್ಣ ನೋಡಿ ಬದಲಿಸದೆ, ಕೈಪಿಡಿಯಲ್ಲಿ ಹೇಳಿರುವ ಕಿಲೋಮೀಟರ್ ನೋಡಿ ಬದಲಿಸಿ. ನಿಮ್ಮಂತೆ ಬೂದಿಯಲ್ಲಿ ನಿಲ್ಲುವ ಗಾಡಿಗೆ ಅದಕ್ಕಿಂತ ಸ್ವಲ್ಪ ಮೊದಲೇ ಆದರೂ ಒಳ್ಳೆಯದು. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯದೆ, ಡಬ್ಬದಲ್ಲಿ ಕೂಡಿಟ್ಟು ಹಳೆಯ ಆಯಿಲ್ ಸಂಗ್ರಹಿಸುವವರಿಗೆ ಕೊಡಿ.

ಪ್ರಶ್ನೆ: ಬ್ರೇಕ್ ಪೆಡಲ್ ಮೊದಲ ಸಲ ಕೆಳಗೆ ಹೋಗುತ್ತದೆ, ಎರಡನೆಯ ಸಲ ಒತ್ತಿದರೆ ಹಿಡಿಯುತ್ತದೆ. ನಾನೇ ಏರ್ ತೆಗೆಯಬಹುದೆ?
— ಓದುಗರು, ಚಿತ್ರದುರ್ಗ

ಉತ್ತರ: ತೆಗೆಯಬಹುದು, ಆದರೆ ಕಾರಣ ಏರ್ ಹೌದೋ ಅಲ್ಲವೋ ಎಂದು ಮೊದಲು ತಿಳಿದುಕೊಳ್ಳಿ. ಒತ್ತಿದಾಗ ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಏರ್ ಇರುತ್ತದೆ. ಮೆತ್ತಗಿರದೆ ಕೇವಲ ಆಳಕ್ಕೆ ಹೋಗಿ ಎರಡನೆಯ ಒತ್ತಿಗೆ ಮೇಲೆ ಬಂದರೆ, ಹಿಂದಿನ ಡ್ರಮ್ಮುಗಳಲ್ಲಿ ಬ್ರೇಕ್ ಲೈನರ್ ಸವೆದು ಶೂ ಹೊಂದಾಣಿಕೆ ತಪ್ಪಿರುವುದು ಸಾಮಾನ್ಯ ಕಾರಣ. ಒಂದೇ ಸಮನೆ ಒತ್ತಿಹಿಡಿದಾಗ ಪೆಡಲ್ ಮೆಲ್ಲಮೆಲ್ಲಗೆ ನೆಲಕ್ಕೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಏರ್ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ, ಒಬ್ಬರು ಪೆಡಲನ್ನು ಒತ್ತಿಹಿಡಿದಾಗ ಇನ್ನೊಬ್ಬರು ಚಕ್ರದ ಬಳಿ ಏರ್ ಬಿಡಲು ಇರುವ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿ ಮಾಡಬೇಕು, ಮತ್ತು ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ದರ್ಜೆಯ ಆಯಿಲನ್ನೇ, ಅದೂ ಹೊಸದಾಗಿ ಒಡೆದ ಡಬ್ಬದಿಂದ ಹಾಕಿ. ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡು ಕೆಟ್ಟಿರುತ್ತದೆ. ತುರ್ತಿಗೆಂದು ಎಂಜಿನ್ ಆಯಿಲ್ ಸುರಿದರೆ ರಬ್ಬರ್‌ಗಳೆಲ್ಲ ಉಬ್ಬಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಚಕ್ರ ಬಿಚ್ಚಬೇಕಾದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಆಕ್ಸಲ್ ಅಡಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಚಾಚಬಾರದು.

ಕೇಳದಿದ್ದರೂ ಒಂದು ಮಾತು ಹೇಳಬೇಕಾಗಿದೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಗಾಡಿ ಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಡೀಸೆಲ್ ಪಿಕಪ್‌ನಲ್ಲಿ ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮನ್ನು ಒದಗಿಸುವುದು ಎಂಜಿನ್ ತಿರುಗಿಸುವ ಪಂಪು. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಬ್ರೇಕ್ ಒತ್ತುವಷ್ಟರಲ್ಲಿ ಆ ನೆರವು ತೀರಿ ಪೆಡಲ್ ಕಲ್ಲಾಗುತ್ತದೆ. ಬೂಸ್ಟರ್ ಸರಿಯಿದೆಯೇ ಎಂದು ತಿಳಿಯಲು ಎಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿಹಿಡಿದೇ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು.

ಪ್ರಶ್ನೆ: ಈರುಳ್ಳಿ ಲೋಡಿಗೆ ಹಿಂಬದಿ ಕುಸಿಯುತ್ತದೆ. ಕಮಾನಿಗೆ (ಲೀಫ್ ಸ್ಪ್ರಿಂಗ್) ಎರಡು ಪಟ್ಟಿ ಹೆಚ್ಚು ಹಾಕಿಸಬಹುದೆ?
— ಓದುಗರು, ಹಿರಿಯೂರು

ಉತ್ತರ: ಬೇಡ. ಪಟ್ಟಿ ಹೆಚ್ಚಿಸಿದರೆ ಗಾಡಿ ಎತ್ತರಕ್ಕೆ ನಿಲ್ಲುತ್ತದೆಯೇ ಹೊರತು ಆಕ್ಸಲ್, ಚಾಸಿ, ಟೈರು, ಬ್ರೇಕುಗಳ ಶಕ್ತಿ ಹೆಚ್ಚುವುದಿಲ್ಲ, ಆರ್‌ಸಿಯಲ್ಲಿ ಬರೆದಿರುವ ತೂಕವೂ ಬದಲಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ, ಮೇಲಾಗಿ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಮಿತಿಯೊಳಗಿನ ಲೋಡಿಗೂ ಗಾಡಿ ಕುಸಿಯುತ್ತಿದ್ದರೆ ಪಟ್ಟಿ ಮುರಿದಿರಬಹುದು, ಇಲ್ಲವೆ ಹಳತಾಗಿ ಬಾಗು ಕಳೆದುಕೊಂಡಿರಬಹುದು. ಕಮಾನನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಿರುಕನ್ನೂ ನಡುವಿನ ಬೋಲ್ಟನ್ನೂ ನೋಡಿ. ಬದಲಿಸುವುದಾದರೆ ಅದೇ ಮಾದರಿಯ ಕಮಾನನ್ನು ಎರಡೂ ಬದಿಗೆ ಹಾಕಿಸಿ, ಯು ಬೋಲ್ಟ್‌ಗಳನ್ನು ಹೊಸದಾಗಿಯೇ ತನ್ನಿ, ಮತ್ತು ಒಂದೆರಡು ಲೋಡು ಸಾಗಿಸಿದ ಮೇಲೆ ಅವುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.