ಮತ್ತೆ ಮತ್ತೆ ಸುಟ್ಟುಹೋಗುವ ಫ್ಯೂಸ್

ಪ್ರಶ್ನೆ: ನನ್ನ ಕಾರು 22 ವರ್ಷ ಹಳೆಯದು. ಪಾರ್ಕಿಂಗ್ ಲೈಟ್, ಹಿಂಬದಿಯ ಕೆಂಪು ದೀಪ, ನಂಬರ್ ಪ್ಲೇಟ್ ದೀಪ ಹಾಗೂ ಮೀಟರ್ ಬೋರ್ಡಿನ ದೀಪಗಳಿಗೆ ಸೇರಿದ 10 ಆಂಪಿಯರ್ ಫ್ಯೂಸ್ ಎರಡು ತಿಂಗಳಿಂದ ಪದೇ ಪದೇ ಸುಟ್ಟುಹೋಗುತ್ತಿದೆ. ಹೊಸದು ಹಾಕಿದರೆ ಕೆಲವೊಮ್ಮೆ ವಾರಗಟ್ಟಲೆ ಬಾಳುತ್ತದೆ, ಕೆಲವೊಮ್ಮೆ ಅದೇ ರಾತ್ರಿ ಹೋಗುತ್ತದೆ. ಎರಡು ಸಲ ಹದಗೆಟ್ಟ ರಸ್ತೆಯಲ್ಲಿ, ಒಂದು ಸಲ ಡಿಕ್ಕಿಯ ಬಾಗಿಲು ಹಾಕಿದ ಕೂಡಲೇ ಹೋಯಿತು. 20 ಆಂಪಿಯರ್ ಫ್ಯೂಸ್ ಹಾಕಿದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ಫ್ಯೂಸ್ ಇರುವುದು ದೀಪದ ರಕ್ಷಣೆಗಲ್ಲ, ವೈರಿನ ರಕ್ಷಣೆಗೆ. ವೈರಿನ ದಪ್ಪಕ್ಕೆ ತಕ್ಕಂತೆ ತಯಾರಕರು 10 ಆಂಪಿಯರ್ ಎಂದು ನಿಗದಿ ಮಾಡಿರುವಾಗ ಅದರ ಎರಡರಷ್ಟು ಫ್ಯೂಸ್ ಹಾಕಿದರೆ, ಮುಂದಿನ ಸಲ ಫ್ಯೂಸಿಗೆ ಬದಲಾಗಿ ಕಾರ್ಪೆಟ್ಟಿನ ಕೆಳಗೆ ಕಣ್ಣಿಗೆ ಕಾಣದೆ ಸಾಗಿರುವ ವೈರೇ ಕಾಯ್ದು ಬೆಂಕಿ ಹೊತ್ತಿಕೊಳ್ಳಬಹುದು. ತಾಮ್ರದ ಎಳೆಯನ್ನೋ ಸಿಗರೇಟು ಪೊಟ್ಟಣದ ಹಾಳೆಯನ್ನೋ ಸುತ್ತುವ ಅಭ್ಯಾಸ ಇದಕ್ಕಿಂತಲೂ ಅಪಾಯಕಾರಿ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಎರಡು, ಹೀಗೆ 5 ವಾಟಿನ ಆರು ಬಲ್ಬುಗಳಿವೆ ಎಂದುಕೊಂಡರೆ 30 ವಾಟ್ ಆಗುತ್ತದೆ. ಮೀಟರ್ ಬೋರ್ಡಿಗೆ ಇನ್ನೊಂದು 10 ವಾಟ್ ಸೇರಿಸಿದರೂ 12 ವೋಲ್ಟಿನಲ್ಲಿ ಹರಿಯುವುದು ಮೂರೂವರೆ ಆಂಪಿಯರಿನೊಳಗೆ. ಆದ್ದರಿಂದ, ನಡುವೆ ಯಾರೂ ಮ್ಯೂಸಿಕ್ ಸಿಸ್ಟಮ್ಮನ್ನೋ ಹೆಚ್ಚುವರಿ ದೀಪವನ್ನೋ ಈ ವೈರಿಗೆ ಜೋಡಿಸಿಲ್ಲವಾದರೆ, ನಿಮ್ಮ ಫ್ಯೂಸ್ ಭಾರ ತಾಳಲಾರದೆ ಹೋಗುತ್ತಿಲ್ಲ. ಎಲ್ಲಿಯೋ ಸಿಪ್ಪೆ ಸವೆದ ವೈರು ಆಗಾಗ ಬಾಡಿಯ ಲೋಹಕ್ಕೆ ತಾಗಿ ಶಾರ್ಟ್ ಆಗುತ್ತಿದೆ. ಸುಟ್ಟ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಪಟ್ಟಿ ಸಿಡಿದು ಪ್ಲಾಸ್ಟಿಕ್ಕಿಗೆ ಕಪ್ಪು ಮಸಿ ಹತ್ತಿದ್ದರೆ ಈ ಊಹೆಗೆ ಮತ್ತಷ್ಟು ಬಲ ಬರುತ್ತದೆ.

ಫ್ಯೂಸ್ ಹೋದ ಸಂದರ್ಭಗಳನ್ನು ನೀವು ಗಮನಿಸಿ ಬರೆದಿರುವುದು ನನಗೆ ಬಹಳ ಸಂತೋಷ ತಂದಿದೆ, ಏಕೆಂದರೆ ಇಂತಹ ಬಂದುಹೋಗುವ ದೋಷದಲ್ಲಿ ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ಕುಲುಕಾಟ ಮತ್ತು ಡಿಕ್ಕಿಯ ಬಾಗಿಲು, ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ನಂಬರ್ ಪ್ಲೇಟ್ ದೀಪ ಡಿಕ್ಕಿಯ ಬಾಗಿಲಿನಲ್ಲಿಯೇ ಇದ್ದರೆ ಅದರ ವೈರು ಕೀಲಿನ ಬಳಿ ಹಾದುಹೋಗುತ್ತದೆ. ಬಾಗಿಲು ತೆರೆದು ಮುಚ್ಚಿದಂತೆಲ್ಲ ಮಡಿಚಿ ಮಡಿಚಿ, 20 ವರ್ಷಗಳ ಬಳಿಕ ಅದರ ಸಿಪ್ಪೆ ಬಿರುಕು ಬಿಡುವುದು ಸಹಜ. ಅಲ್ಲಿನ ರಬ್ಬರ್ ಕೊಳವೆಯನ್ನು ಸರಿಸಿ ನೋಡುವುದರಿಂದಲೇ ಹುಡುಕಾಟ ಆರಂಭವಾಗಲಿ.

ಅಲ್ಲಿ ಏನೂ ಕಾಣದಿದ್ದರೆ ಹೊಸ ಫ್ಯೂಸುಗಳನ್ನು ಒಂದೊಂದಾಗಿ ಬಲಿ ಕೊಡುವ ಅಗತ್ಯವಿಲ್ಲ. ಫ್ಯೂಸನ್ನು ತೆಗೆದು, ಆ ಜಾಗದ ಎರಡು ತುದಿಗಳ ನಡುವೆ ಎರಡು ವೈರು ಜೋಡಿಸಿದ 21 ವಾಟಿನ ಬಲ್ಬನ್ನು ಸೇರಿಸಿ. ನೇರ ಶಾರ್ಟ್ ಆದರೂ ಈ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲವಾದ್ದರಿಂದ ನಿಶ್ಚಿಂತೆಯಿಂದ ಹುಡುಕಬಹುದು. ಆದರೆ ಅದಕ್ಕೆ ಮೊದಲು ಈ ಸಾಲಿನ ಹೊರಗಿನ ಬಲ್ಬುಗಳನ್ನೆಲ್ಲ ಹೋಲ್ಡರಿನಿಂದ ಕಳಚಲೇಬೇಕು; ಇಲ್ಲವಾದರೆ ಅವುಗಳ ಮೂಲಕವೇ ವಿದ್ಯುತ್ ಹರಿದು ಪರೀಕ್ಷೆಯ ಬಲ್ಬು ಉರಿಯುತ್ತದೆ, ನಾವು ಇಲ್ಲದ ಶಾರ್ಟನ್ನು ಹುಡುಕುತ್ತಾ ಕೂರುತ್ತೇವೆ. ಬಳಿಕ ಪಾರ್ಕಿಂಗ್ ಸ್ವಿಚ್ ಹಾಕಿ. ಮೀಟರ್ ಬೋರ್ಡಿನ ದೆಸೆಯಿಂದ ಬಲ್ಬು ಮಂದವಾಗಿ ಬೆಳಗಬಹುದು. ಒಬ್ಬರು ಅದನ್ನೇ ನೋಡುತ್ತಿರಲಿ, ಇನ್ನೊಬ್ಬರು ಡಿಕ್ಕಿಯ ಕೀಲು, ತಗಡಿನ ತೂತುಗಳಲ್ಲಿ ವೈರು ಹಾಯುವ ಜಾಗ, ಸೀಟಿನ ಕೆಳಭಾಗ ಇವುಗಳನ್ನು ನಿಧಾನವಾಗಿ ಅಲುಗಾಡಿಸುತ್ತಾ ಹೋಗಲಿ. ಯಾವ ಜಾಗ ಮುಟ್ಟಿದಾಗ ಬಲ್ಬು ಪ್ರಖರವಾಗಿ ಉರಿಯುತ್ತದೆಯೋ ದೋಷ ಅಲ್ಲಿದೆ. ಬಲ್ಬು ಬೇಗನೆ ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕಿಗೆ ತಾಗದಂತೆ ತೂಗುಹಾಕಿ. ಎಲ್ಲಿಯೂ ಸಿಗದಿದ್ದರೆ ತುಕ್ಕು ಹಿಡಿದ ಬಲ್ಬ್ ಹೋಲ್ಡರುಗಳ ಮೇಲೆ ಸಂಶಯ ಪಡಿ.

ರಿಪೇರಿಗೆ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಕೀಲಿನ ಬಳಿ ಹಳೆಯ ವೈರಿಗೆ ಟೇಪು ಸುತ್ತಿದರೆ ಸಾಲದು; ಮಡಿಚುವ ಭಾಗದಷ್ಟೂ ಅದೇ ದಪ್ಪದ, ಬಳುಕುವ ಹೊಸ ವೈರು ಹಾಕಿ, ಬೆಸುಗೆಗಳು ಮಡಿಕೆಯಿಂದ ದೂರ ಬರುವಂತೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಹಳೆಯ ಕಾರಿನಲ್ಲಿ ಬ್ರೇಕ್ ಲೈಟಿನ ಫ್ಯೂಸ್ ಹೋಗುತ್ತಿತ್ತು. ಮಲ್ಟಿಮೀಟರಿನಲ್ಲಿ ಅಳೆದಾಗ ಆ ವೈರಿಗೂ ಬಾಡಿಗೂ ನಡುವಿನ ಪ್ರತಿರೋಧ ಒಂದು ಓಮಿಗಿಂತ ಕಡಿಮೆ ಬಂತು, ಅಂದರೆ ಶಾರ್ಟ್ ಇದ್ದಂತೆ ಕಾಣುತ್ತದೆ. ವೈರಿಂಗ್ ಪೂರ್ತಿ ಬದಲಿಸಬೇಕೇ?

ಉತ್ತರ: ಅಷ್ಟಕ್ಕೇ ಬದಲಿಸಬೇಡಿ. 21 ವಾಟಿನ ಬಲ್ಬು ಉರಿಯುವಾಗ ಅದರ ಪ್ರತಿರೋಧ ಸುಮಾರು 7 ಓಮ್. ತಣ್ಣಗಿರುವಾಗ ಅದರ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ. ಎಡ ಬಲದ ಎರಡು ಬಲ್ಬು ಸೇರಿದರೆ ಇನ್ನೂ ಕಡಿಮೆ. ನಿಮ್ಮ ಮೀಟರು ತೋರಿಸಿದ್ದು ಬಲ್ಬುಗಳನ್ನೇ ಇರಬಹುದು. ಎರಡನ್ನೂ ಕಳಚಿ ಮತ್ತೆ ಅಳೆಯಿರಿ.